ಮೂಲವನ್ನು ಓದದ ದಾರ್ಶನಿಕರು

ನಮ್ಮ ಸಂಘದ ಕಳೆದ ತಿಂಗಳ ಸಭೆಯಲ್ಲಿ ವಯೋವೃದ್ಧರೂ ಬಹುಶ್ರುತರೂ ಆದ ಮಹನೀಯರೊಬ್ಬರು, ಯೂರೋಪು ಖಂಡದ ದರ್ಶನಗಳನ್ನು ಎಂ. ಎ. ತರಗತಿಯಲ್ಲಿ ವ್ಯಾಸಂಗ ಮಾಡಲು ಹೊರಡುವ ನಮ್ಮ ತರುಣರನ್ನು ಕುರಿತು ಬಹಳವಾಗಿ ಕನಿಕರಪಟ್ಟರು. ಹೆಗೆಲನಿಂದ ಮೊದಲ್ಗೊಂಡು ಹೈಡೆಗರ್, ದೆರಿದಾ ಪರ್ಯಂತ ಆ ಪರಂಪರೆಯೆಲ್ಲವೂ ಕೇವಲ ಶಬ್ದಾಡಂಬರವೆಂದೂ, ಇಂಗ್ಲೆಂಡಿನ ವಿದ್ವಾಂಸರೇ ಅದನ್ನು ಬಾಗಿಲಿಂದಾಚೆಗೆ ನೂಕಿರುವರೆಂದೂ, ಅಷ್ಟಕ್ಕೂ ಬೇಕೆನಿಸಿದರೆ ಇಂಗ್ಲೀಷಿನಲ್ಲಿ ಸಾರಸಂಗ್ರಹಗಳು ಧಾರಾಳವಾಗಿ ದೊರೆಯುವುವೆಂದೂ ಅಪ್ಪಣೆ ಕೊಡಿಸಿದರು. ಸಭೆಯು ಕರತಾಡನ ಮಾಡಿತು. ನಾನೂ ಅಲ್ಲಿಯೇ ಇದ್ದು ಬಾಯಿ ತೆರೆಯಲಿಲ್ಲ. ಆ ಮೌನವನ್ನು ಯಾರೂ ಸಮ್ಮತಿಯೆಂದು ತಿಳಿಯಬಾರದೆಂದು ಈ ಲೇಖವನ್ನು ಬರೆದಿದ್ದೇನೆ.

ಮೊದಲು ಆ ಬಾಗಿಲಿನ ಮಾತು. ಮಹನೀಯರ ಮನಸ್ಸಿನಲ್ಲಿದ್ದುದು ಕೇಂಬ್ರಿಜ್ ಪ್ರಸಂಗವೇ ಇರಬೇಕು. 1992ರಲ್ಲಿ ಆ ವಿಶ್ವವಿದ್ಯಾನಿಲಯವು ದೆರಿದಾ ಅವರಿಗೆ ಗೌರವ ಪದವಿಯನ್ನು ಕೊಡಹೊರಟಾಗ, ಕ್ವೈನ್ ಮೊದಲಾದ ಹಲವು ಮಂದಿ ವಿದ್ವಾಂಸರು 'ಟೈಮ್ಸ್' ಪತ್ರಿಕೆಗೆ ಪ್ರತಿಭಟನೆಯ ಪತ್ರವನ್ನು ಬರೆದುದು ನಿಜ. ಆದರೆ ಮತ ಹಾಕಿದಾಗ ಪದವಿಯ ಪರವಾಗಿ 336, ವಿರುದ್ಧವಾಗಿ 204 ಬಂದುವು, ಪದವಿಯನ್ನು ಕೊಟ್ಟರು. ನೂಕಿದರೆಂಬುದು ಇದಕ್ಕೆ ತಕ್ಕ ಮಾತೇ? ಇನ್ನೂ ಒಂದು ಸಂಗತಿಯುಂಟು. ಆ ಪತ್ರವು ದೆರಿದಾ ಅವರದೆಂದು ಹೇಳಿ ಹೀಗಳೆದಿದ್ದ ಒಂದು ಶ್ಲೇಷಪದವನ್ನು ತಾವು ಎಲ್ಲಿಯೂ ಬರೆದೇ ಇಲ್ಲವೆಂದು ಅವರು ಉತ್ತರ ಕೊಟ್ಟರು.

ನಾನು ಪಾಠಶಾಲೆಯಲ್ಲಿ ತರ್ಕವನ್ನು ಓದಿದವನು. ಎದುರಾಳಿಯ ಪಕ್ಷವನ್ನು ಅವನೇ ಒಪ್ಪುವಂತೆ ಮೊದಲು ಅನುವಾದ ಮಾಡಿ ಆಮೇಲೆ ಖಂಡಿಸಬೇಕೆಂಬುದು ನಮಗೆ ಹೇಳಿಕೊಟ್ಟ ಕ್ರಮ. ಅನುವಾದವೆಂದರೆ ಶಾಸ್ತ್ರದಲ್ಲಿ ಪುನಃ ಹೇಳುವುದೆಂದರ್ಥ. ಭಾಷಾಂತರವೆಂಬ ಅರ್ಥವು ಈಚಿನದು. ಪೂರ್ವಪಕ್ಷವನ್ನು ಹೇಳಲಾರದವನು ಮಾಡುವುದು ವಾದವಲ್ಲ, ವಿತಂಡೆ. ಮಹನೀಯರು ಸ್ಥಾಲೀಪುಲಾಕ ನ್ಯಾಯವನ್ನು ಹೇಳಿದರು. ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕಂತೆ. ಸರಿಯೇ. ಆದರೆ ಅವರು ಹಿಸುಕಿದ ಅಗುಳು ಯಾವ ಗ್ರಂಥದ್ದೆಂದು ಕೊನೆಯವರೆಗೂ ತಿಳಿಯಲಿಲ್ಲ.

ವಿರೋಧಿಸಬಾರದೆಂದು ನಾನು ಹೇಳುತ್ತಿಲ್ಲ. ಹೈಡೆಗರನ ಮುಖ್ಯ ಗ್ರಂಥವು 1927ರಲ್ಲಿ ಹೊರಬಿತ್ತು. ಅದರ ಇಂಗ್ಲೀಷ್ ಭಾಷಾಂತರವಾದುದು 1962ರಲ್ಲಿ. ಆಕ್ಸ್‌ಫರ್ಡಿನ ಗಿಲ್ಬರ್ಟ್ ರೈಲ್ ಆ ಭಾಷಾಂತರಕ್ಕಾಗಿ ಕಾಯಲಿಲ್ಲ. 1929ರಲ್ಲಿಯೇ ಜರ್ಮನ್ ಮೂಲವನ್ನೋದಿ, ಮೆಚ್ಚತಕ್ಕುದನ್ನು ಮೆಚ್ಚಿ, ಈ ಹಾದಿಯು ಅನರ್ಥಕ್ಕೆ ಒಯ್ಯುವುದೆಂದು ವಿಮರ್ಶೆ ಬರೆದರು. ಕಾರ್ನಾಪರು 1932ರಲ್ಲಿ ಅದೇ ಹೈಡೆಗರನ ಉಪನ್ಯಾಸದ ವಾಕ್ಯಗಳನ್ನು ಒಂದೊಂದಾಗಿ ಎತ್ತಿಕೊಂಡು, ಇವಕ್ಕೆ ಅರ್ಥವೇ ಇಲ್ಲವೆಂದು ಬಿಡಿಸಿ ತೋರಿಸಿದರು. ಕಠೋರವಾದ ಖಂಡನೆ, ಆದರೂ ವಾದ. ಹೈಡೆಗರನು 1933ರಲ್ಲಿ ನಾಜಿ ಪಕ್ಷವನ್ನು ಸೇರಿದನೆಂಬುದೂ, 2014ರಿಂದ ಅಚ್ಚಾಗತೊಡಗಿದ ಅವನ ಟಿಪ್ಪಣಿ ಪುಸ್ತಕಗಳಲ್ಲಿ ಯೆಹೂದ್ಯದ್ವೇಷದ ಮಾತುಗಳಿವೆಯೆಂಬುದೂ ನಿಜವಾಗಿಯೂ ಭಾರವಾದ ಆಕ್ಷೇಪ. ಮಹನೀಯರು ಅದನ್ನು ಎತ್ತಲೇ ಇಲ್ಲ. ಬಹುಶಃ ಅವರು ನೋಡಿದ ಸಾರಸಂಗ್ರಹದಲ್ಲಿ ಇರಲಿಲ್ಲವೋ ಏನೋ.

ಇಷ್ಟು ಹೇಳಿದ ಮೇಲೆ ನನ್ನ ಅಪರಾಧವನ್ನೂ ಹೇಳಬೇಕು. ನನ್ನ ಹಳೆಯ ಶಿಷ್ಯನೊಬ್ಬನು ಇಂಗ್ಲೆಂಡಿಗೆ ಇದೇ ವಿಷಯದ ಎಂ. ಎ. ಓದಲು ಹೊರಟಾಗ, "ಗುರುಗಳೇ, ಜರ್ಮನ್ ಕಲಿಯಬೇಕೆ?" ಎಂದು ಕೇಳಿದನು. ಇಂಗ್ಲೀಷಿನಲ್ಲಿ ಎಲ್ಲವೂ ಇದೆಯಲ್ಲಪ್ಪ, ಕಾಲವನ್ನೇಕೆ ಕಳೆಯುವೆ ಎಂದೆನು. ವಿಭಕ್ತಿಪ್ರತ್ಯಯ ತಪ್ಪಿದರೆ ಹುಡುಗರ ಕಿವಿ ಹಿಂಡಿದವನು ಹೇಳಿದ ಮಾತು ಇದು! ಅಲ್ಲಿ ಎಂ. ಎ. ಎಂದರೆ ಒಂದೇ ವರ್ಷದ ಓಟ. ಹುಡುಗನು ಹೆಗೆಲನ ಮೇಲೆ ಪ್ರಬಂಧ ಬರೆದು, ತೇರ್ಗಡೆಯಾಗಿ, ಹೆಗೆಲನ ಒಂದು ವಾಕ್ಯವನ್ನೂ ಅವನ ನುಡಿಯಲ್ಲಿ ಕಾಣದೆ ಹಿಂದಿರುಗಿದನು. ಯಾರೂ ಅದನ್ನು ಕೇಳಲಿಲ್ಲವಂತೆ.

ಹೆಗೆಲನ ಮುಖ್ಯ ಪರಿಭಾಷೆಯಾವುದೆಂದು ನಾನು ಕೇಳಿದೆನು. "ಸಬ್ಲೇಷನ್. ನಮ್ಮ ವೇದಾಂತದ ಬಾಧವೇ ಗುರುಗಳೇ, ನಮ್ಮ ಆಚಾರ್ಯರ ಇಂಗ್ಲೀಷ್ ಪುಸ್ತಕಗಳಲ್ಲಿಯೂ ಇದೇ ಪದವಿದೆ" ಎಂದನು. ಆ ದಿನವೆಲ್ಲ ನಾನು ಹಿಗ್ಗಿದೆನು. ರಾತ್ರಿ ಸಂಶಯ ಹುಟ್ಟಿತು. ಹಗ್ಗದ ಜ್ಞಾನದಿಂದ ಹಾವು ಬಾಧಿತವಾದ ಮೇಲೆ ಹಾವಿನಲ್ಲಿ ಉಳಿದುದೇನು? ಏನೂ ಇಲ್ಲ. ಹೆಗೆಲನಲ್ಲಿಯಾದರೋ, ಹಿಂದಿನದು ಮುಂದಿನದರಲ್ಲಿ ಉಳಿಯಲೇಬೇಕು. ಮರುದಿನ ಇಬ್ಬರೂ ಜರ್ಮನ್ ಕೋಶವನ್ನು ತೆರೆದೆವು. ಮೂಲದ ಪದವು 'ಔಫ್‌ಹೇಬನ್'. ಅವಯವಾರ್ಥ, ಮೇಲಕ್ಕೆತ್ತುವುದು, ರೂಢಿಯಲ್ಲಿ, ರದ್ದು ಮಾಡುವುದೂ ಹೌದು, ಜೋಪಾನವಾಗಿ ಇಡುವುದೂ ಹೌದು. ಉಳಿಸುವುದು, ಕೊನೆಗಾಣಿಸುವುದು ಎಂಬ ಎರಡೂ ಒಂದೇ ಪದದಲ್ಲಿರುವುದನ್ನು ಹೆಗೆಲನೇ ತನ್ನ ತರ್ಕಗ್ರಂಥದಲ್ಲಿ ಎತ್ತಿ ಹೇಳಿದ್ದಾನೆ. ಕನ್ನಡದಲ್ಲಿ ಇದಕ್ಕೇನೆನ್ನೋಣವೆಂದು ಸಂಸ್ಕೃತದ ಉಪಸರ್ಗಗಳನ್ನೆಲ್ಲ ಜೋಡಿಸಿ ನೋಡಿದೆನು, ಯಾವುದೂ ಹೊಂದಲಿಲ್ಲ. ಅಷ್ಟರಲ್ಲಿ ಒಳಗಿನಿಂದ ನಮ್ಮ ಮನೆಯವರು ಸೊಸೆಗೆ, "ಊಟ ಆಯ್ತಲ್ಲಮ್ಮ, ಉಳಿದ ಹುಳಿ ಎತ್ತಿಡು" ಎಂದರು.

ಎತ್ತಿಡು! ಎಲೆಯ ಮುಂದಿನಿಂದ ತೆಗೆದಾಯಿತು, ಮೇಲಕ್ಕೆತ್ತಿಯಾಯಿತು, ನಾಳೆಗೆ ಉಳಿಸಿಯೂ ಆಯಿತು. ಅಡಿಗೆಯ ಮನೆಯಲ್ಲಿ ದಿನವೂ ಆಡುವ ಮಾತು. ಜರ್ಮನರಿಗೂ ಅದು ಹಾಗೆ ದಿನಬಳಕೆಯ ಮಾತೇ. ಇಂಗ್ಲೆಂಡಿನ ಯಾವ ಗೃಹಿಣಿಯೂ ಸಾರನ್ನು 'ಸಬ್ಲೇಟ್' ಮಾಡುವುದಿಲ್ಲ. ಇದು ಸರ್ವತ್ರ ಹೊಂದುವ ಪದವೆಂದು ನಾನು ಹಟ ಹಿಡಿಯುವುದಿಲ್ಲ. ಒಂದು ವರ್ಷದ ಓದಿನಲ್ಲಿ ದೊರೆಯದ ಅರ್ಥವು ಮೂಲಪದದ ಮುಂದೆ ಒಂದು ಪೂರ್ವಾಹ್ನ ಕುಳಿತುದರಿಂದ ದೊರೆಯಿತೆಂಬುದಷ್ಟೇ ನನಗೆ ಮುಖ್ಯ.

ಷೋಪನ್‌ಹೌವರನು ಉಪನಿಷತ್ತುಗಳನ್ನು ಓದಿದ ಬಗೆಯನ್ನು ನೆನೆದು ನಮ್ಮ ಪಂಡಿತರು ನಗುವುದುಂಟು. 1657ರಲ್ಲಿ ದಾರಾ ಶಿಕೋ ಪಾರಸಿಗೆ ಮಾಡಿಸಿದುದನ್ನು ಆಂಕ್ತಿಲ್ ದ್ಯುಪೆರೋಂ ಎಂಬ ಫ್ರೆಂಚರವನು ಲ್ಯಾಟಿನ್ನಿಗೆ ತಿರುಗಿಸಿ 1801-02ರಲ್ಲಿ ಅಚ್ಚು ಹಾಕಿಸಿದನು. ಷೋಪನ್‌ಹೌವರನು ಓದಿದುದು ಅದನ್ನು. ಆ ಕಾಲಕ್ಕೆ ಅವನಿಗೆ ಬೇರೆ ಗತಿಯಿರಲಿಲ್ಲ. ನಮಗೆ ಕೋಶಗಳಿವೆ, ವ್ಯಾಕರಣಗಳಿವೆ, ಮೂಲಗ್ರಂಥಗಳು ಮನೆಯಲ್ಲಿಯೇ ಕುಳಿತು ನೋಡಸಿಗುತ್ತವೆ. ಆದರೂ ಇಂಗ್ಲೀಷಿನ ಸಂಗ್ರಹದ ಮೇಲಿನ ಇಂಗ್ಲೀಷ್ ಟಿಪ್ಪಣಿಯನ್ನು ಓದಿ ಒಬ್ಬರು ಮಂಡಿಸುತ್ತಾರೆ, ಒಬ್ಬರು ಖಂಡಿಸುತ್ತಾರೆ. ಜರ್ಮನಿಯಿಂದ ಬಂದು ನಮ್ಮ ನುಡಿಗೆ ದೊಡ್ಡ ಕೋಶವನ್ನು ಕಟ್ಟಿದ ಕಿಟ್ಟೆಲರೂ 1894ರಲ್ಲಿ ಅರ್ಥವನ್ನು ಕೊಟ್ಟುದು ಇಂಗ್ಲೀಷಿನಲ್ಲಿಯೇ ಎಂಬುದು ಬೇರೆ ಮಾತು.

ನನ್ನ ಶಿಷ್ಯನು ಈಗ ಭಾನುವಾರಗಳಲ್ಲಿ ಜರ್ಮನ್ ಕಲಿಯುತ್ತಿದ್ದಾನೆ. ಪಕ್ಕದಲ್ಲಿ ನಾನೂ ಕುಳಿತು ಶಬ್ದರೂಪಗಳನ್ನು ಉರುಹಚ್ಚುತ್ತೇನೆ. ಅವರಿಗೆ ವಿಭಕ್ತಿಗಳು ನಾಲ್ಕೇ. ಲಿಂಗಗಳು ನಮ್ಮಂತೆ ಮೂರು. ಮಹನೀಯರು ಈ ಲೇಖಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುವುದಾದರೆ ಸಂತೋಷ. ಶಬ್ದಾಡಂಬರವೆಂದು ಅವರು ಕರೆದುದು ಯಾವ ಗ್ರಂಥದ, ಯಾವ ಪುಟದ, ಯಾವ ವಾಕ್ಯವೆಂಬುದನ್ನು ಮೊದಲು ತಿಳಿಸಬೇಕಾಗಿ ಬೇಡುತ್ತೇನೆ.