ಗಾಡಿ ಎಳೆದವರು ಯಾರೋ, ಸಂಬಳ ಕಳೆದುಕೊಂಡವರು ಯಾರೋ!

ಗೇರ್ ಬಾಕ್ಸು ಕೆಟ್ಟರೆ ಅದು ಚಾಲಕನ ತಪ್ಪು. ಮುಂಬಯಿಯ ಗಾಡಿ ಮಾಲೀಕರಲ್ಲಿ ಇದು ವೇದವಾಕ್ಯವಾಗಿ ಹೋಗಿದೆ. ಹೆದ್ದಾರಿಯಲ್ಲಿ ಗಾಡಿ ನಿಂತಿತು, ಕ್ರೇನಿನವನು ಬಂದ, ಮೂತಿ ಹಿಡಿದೆತ್ತಿ, ಹಿಂದಿನ ಗಾಲಿಗಳು ನೆಲದ ಮೇಲೆ ಉರುಳುತ್ತಿರುವಂತೆಯೇ ಎಳೆದೊಯ್ದ, ಮೂರನೆಯ ದಿನ ಗ್ಯಾರೇಜಿನಿಂದ ಗೇರ್ ಬಾಕ್ಸು ಸುಟ್ಟ ಸುದ್ದಿ ಬಂತು, ಮುಂದಿನ ತಿಂಗಳಿನಿಂದ ಸಂಬಳದಲ್ಲಿ ಕಂತು ಹಿಡಿಯುವುದು ಸುರುವಾಯಿತು! ಸಂಘದ ಕಛೇರಿಗೆ ಬಂದು ಈ ಗೋಳು ತೋಡಿಕೊಂಡ ಬಂಧುಗಳು ಒಬ್ಬಿಬ್ಬರಲ್ಲ. ಯಂತ್ರದ ಮರ್ಮವನ್ನರಿಯದೆ ತೀರ್ಪು ಕೊಡುವ ಧಣಿಗಳಿಗೂ, ಎಲ್ಲ ಗಾಡಿಯೂ ಒಂದೇ ಎಂದು ಕೊಕ್ಕೆ ಹಾಕುವ ಕ್ರೇನಿನವರಿಗೂ ನಾವು ನಾಲ್ಕು ಮಾತು ಹೇಳಲೇಬೇಕಾಗಿದೆ.

ಹಿಂದಿನ ಗಾಲಿಗಳ ಬಲದಿಂದ ಓಡುವ ಗಾಡಿಯಲ್ಲಿ ಎಂಜಿನ್ನು ಮುಂದೆ, ಅದರ ಬೆನ್ನಿಗೆ ಗೇರ್ ಬಾಕ್ಸು, ಅಲ್ಲಿಂದ ಗಾಡಿಯ ಹೊಟ್ಟೆಯಡಿ ಹಾಯುವ ಪ್ರೊಪೆಲ್ಲರ್ ಶಾಫ್ಟು, ಕೊನೆಗೆ ಹಿಂದಿನ ಆಕ್ಸಲಿನ ಡಿಫರೆನ್ಷಿಯಲ್. ನಮ್ಮವರು ಬಾಡಿಗೆಗೆ ಓಡಿಸುವ ಇನ್ನೋವಾ ಕ್ರಿಸ್ಟ, ಬೊಲೆರೊ, ಈಕೋ ಈ ಜಾತಿಯವು. ಸಾಹೇಬರ ಮರ್ಸಿಡಿಸ್, ಬಿ.ಎಂ.ಡಬ್ಲ್ಯೂಗಳಲ್ಲಿಯೂ ಅನೇಕವು ಇದೇ ಜಾತಿ. ಓಡುವಾಗ ಎಂಜಿನ್ನು ಗಾಲಿಯನ್ನು ತಿರುಗಿಸುತ್ತದೆ. ಎಳೆಯುವಾಗ ಎಲ್ಲವೂ ತಿರುವುಮುರುವು. ನೆಲದ ಮೇಲಿನ ಗಾಲಿ ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟು ಗೇರ್ ಬಾಕ್ಸಿನ ಒಳಗನ್ನು ತಿರುಗಿಸುತ್ತದೆ. ಆಟೊಮ್ಯಾಟಿಕ್ ಗಾಡಿಯಲ್ಲಿ ಗೇರ್ ಬಾಕ್ಸಿಗೆ ಎಣ್ಣೆ ಒತ್ತುವ ಪಂಪು ಸಾಮಾನ್ಯವಾಗಿ ಎಂಜಿನ್ನಿನಿಂದಲೇ ನಡೆಯತಕ್ಕದ್ದು. ಎಂಜಿನ್ನು ನಿಂತಿತೆಂದರೆ ಪಂಪೂ ನಿಂತಿತು. ಒಳಗೆ ಬೇರಿಂಗು, ಬುಷ್ಷು, ಕ್ಲಚ್ ಪ್ಲೇಟುಗಳು ಹನಿ ಎಣ್ಣೆಯ ಹರಿವಿಲ್ಲದೆ ಉಜ್ಜಿಕೊಂಡು ಕಾಯುತ್ತವೆ. ಹೊರಗಿನಿಂದ ಹೊಗೆಯಿಲ್ಲ, ಸದ್ದಿಲ್ಲ. ಕ್ರೇನಿನವನು ಹಾಡು ಕೇಳುತ್ತ ಗಾಡಿ ಎಳೆಯುತ್ತಿರುತ್ತಾನೆ, ಹಿಂದೆ ಒಬ್ಬ ಚಾಲಕನ ಆರು ತಿಂಗಳ ಅನ್ನ ಸುಡುತ್ತಿರುತ್ತದೆ.

“ನ್ಯೂಟ್ರಲ್ ಹಾಕಿದರೆ ಆಯಿತಲ್ಲ?” ಎಂದು ಕೇಳುವವರುಂಟು. ನಮ್ಮ ಹಿರಿಯ ಚಾಲಕರಲ್ಲಿಯೂ ಉಂಟು. ಈ ನಂಬಿಕೆ ಪದ್ಮಿನಿ ಕಾಲದ್ದು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಕಾಲಿ-ಪೀಲಿ ಈ ನಗರದ ರಸ್ತೆಯಿಂದ ಮರೆಯಾಯಿತು. ಅದರ ಅಭ್ಯಾಸಗಳು ಮಾತ್ರ ಮರೆಯಾಗಿಲ್ಲ. ಅದೂ ಹಿಂದಿನ ಗಾಲಿಯ ಗಾಡಿಯೇ, ಆದರೆ ಕೈಗೇರಿನದು. ಹಗ್ಗ ಕಟ್ಟಿ ಪಕ್ಕದ ಗಲ್ಲಿಯ ಗ್ಯಾರೇಜಿಗೆ ಮೆಲ್ಲಗೆ ಎಳೆದರೆ ಏನೂ ಆಗುತ್ತಿರಲಿಲ್ಲ. ಕೈಗೇರಿನ ಗಾಡಿಯೂ ಅಮರವಲ್ಲವೆಂಬುದನ್ನು ಮರೆಯಬಾರದು: ತಳದ ಎಣ್ಣೆಯನ್ನು ಮೇಲಕ್ಕೆ ಎರಚುವ ಲೇಶಾಫ್ಟು ಎಂಜಿನ್ನಿನ ಕಡೆಯಿಂದ ತಿರುಗುವಂಥದು, ನ್ಯೂಟ್ರಲ್ಲಿನಲ್ಲಿ ಅದು ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಮೇಲಿನ ಶಾಫ್ಟು ಒಂದೇ ಸುತ್ತುತ್ತದೆ. ಗಲ್ಲಿಗೆ ಸರಿಹೋದದ್ದು ಘಾಟಿಗೆ ಸರಿಹೋಗದು. ಆಟೊಮ್ಯಾಟಿಕ್ಕಿಗಂತೂ ನ್ಯೂಟ್ರಲ್ ಎಂಬುದು ರಕ್ಷೆಯೇ ಅಲ್ಲ. ಕೆಲವು ತಯಾರಕರು ನ್ಯೂಟ್ರಲ್ಲಿನಲ್ಲಿ ಇಂತಿಷ್ಟೇ ವೇಗ, ಇಂತಿಷ್ಟೇ ದೂರ ಎಂದು ಮಿತಿ ಹಾಕಿ ಒಪ್ಪುತ್ತಾರೆ. ಕೆಲವರು ಬಿಲ್ಕುಲ್ ಒಪ್ಪುವುದಿಲ್ಲ. ಗಾಡಿಯ ಕೈಪಿಡಿಯಲ್ಲಿ ಅದು ಬರೆದಿರುತ್ತದೆ. ಆ ಕೈಪಿಡಿ ಇರುವುದು ಧಣಿಯ ಕಪಾಟಿನಲ್ಲಿ, ಅದೂ ಇಂಗ್ಲಿಷಿನಲ್ಲಿ!

ಕ್ರೇನಿನವರ ದುರಭ್ಯಾಸಕ್ಕೂ ಒಂದು ಚರಿತ್ರೆಯಿದೆ. 1983ರಲ್ಲಿ ಮಾರುತಿ 800 ಬಂದ ಮೇಲೆ ಮುಂದಿನ ಗಾಲಿಯಿಂದ ಓಡುವ ಸಣ್ಣ ಕಾರುಗಳು ದೇಶ ತುಂಬಿದವು. ಅವುಗಳ ಮೂತಿಯೆತ್ತಿ ಎಳೆಯುವುದೇ ಸರಿ. ಬಲ ಕೊಡುವ ಗಾಲಿ ನೆಲ ಬಿಟ್ಟಿರುತ್ತದೆ, ಹಿಂದಿನ ಗಾಲಿ ಹಾಯಾಗಿ ಉರುಳುತ್ತದೆ. ಅಲ್ಲಿ ಕಲಿತ ಕೈ ಇಲ್ಲಿಯೂ ಅದನ್ನೇ ಮಾಡುತ್ತದೆ. ‘ಪಾರ್ಕ್’ನಲ್ಲಿ ಬೀಗ ಹಾಕಿ ನಿಲ್ಲಿಸಿದ ಗಾಡಿಯ ಮೂತಿಯನ್ನೆತ್ತಿ ಎಳೆದು, ಹಿಂದಿನ ಟಯರು ರಸ್ತೆಗೆ ಉಜ್ಜಿ ಚಪ್ಪಟೆಯಾದದ್ದನ್ನೂ, ಒಳಗಿನ ಪಾರ್ಕಿಂಗ್ ಕೊಕ್ಕೆ ಮುರಿದದ್ದನ್ನೂ ನಮ್ಮ ಮೆಕ್ಯಾನಿಕ್ ಬಂಧುಗಳು ಬಲ್ಲರು.

ಹಾಗಾದರೆ ಮಾಡಬೇಕಾದುದೇನು? ಇಡೀ ಗಾಡಿಯನ್ನು ಬೆನ್ನ ಮೇಲೆ ಹೊರುವ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಬೇಕು. ನಾಲ್ಕೂ ಗಾಲಿ ತಿರುಗುವ ಫೋರ್ ವ್ಹೀಲ್ ಗಾಡಿಗೆ ಅದೇ ಉತ್ತಮ. ಅದು ಸಿಗದಿದ್ದರೆ ಹಿಂಭಾಗವನ್ನೆತ್ತಿ ಎಳೆಯಬೇಕು, ಸ್ಟೇರಿಂಗನ್ನು ನೇರಕ್ಕೆ ಪಟ್ಟಿಯಿಂದ ಬಿಗಿದು. ಕೀಲಿಯ ಬೀಗವನ್ನು ಮಾತ್ರ ನಂಬಿಕೊಳ್ಳಬಾರದು, ಆ ಭಾರ ತಡೆಯಲು ಅದನ್ನು ಮಾಡಿಲ್ಲ. ಅಥವಾ ಹಿಂದಿನ ಗಾಲಿಗಳ ಕೆಳಗೆ ಚಕ್ರದ ಡಾಲಿ ಕೊಡಬೇಕು. ಇವೊಂದೂ ಇಲ್ಲವಾದರೆ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚುವ ಹಳೆಯ ಉಪಾಯವಿದೆ. ಡಿಫರೆನ್ಷಿಯಲ್ ಕಡೆಯ ಬೋಲ್ಟುಗಳನ್ನು ಬಿಚ್ಚುವ ಮೊದಲು ಎರಡು ಫ್ಲ್ಯಾಂಜುಗಳ ಮೇಲೂ ಬಣ್ಣದ ಗುರುತು ಹಾಕಿರಿ. ಇಲ್ಲದಿದ್ದರೆ ಮತ್ತೆ ಜೋಡಿಸಿದಾಗ ತೂಕ ತಪ್ಪಿ ಗಾಡಿ ನಡುಗೀತು. ಶಾಫ್ಟು ಜೋಲಾಡದಂತೆ ಮೇಲಕ್ಕೆ ಬಿಗಿದು ಕಟ್ಟಿರಿ. ಗೇರ್ ಬಾಕ್ಸಿನ ಕಡೆಯಿಂದ ಪೂರ್ತಿ ಎಳೆದು ತೆಗೆದರೆ ಎಣ್ಣೆ ಸುರಿಯುತ್ತದೆ, ಬಾಯಿ ಮುಚ್ಚಬೇಕು. ಮತ್ತು ಎಚ್ಚರ: ಶಾಫ್ಟು ಬಿಚ್ಚಿದ ಮೇಲೆ ಗೇರಾಗಲಿ ‘ಪಾರ್ಕ್’ ಆಗಲಿ ಗಾಡಿಯನ್ನು ಹಿಡಿಯವು. ಗಾಲಿಗೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಎಳೆಯದೆ ಖಂಡಾಲಾ ಇಳಿಜಾರಿನಲ್ಲಿ ಗಾಡಿಯಡಿ ತೂರಿದವನ ಪ್ರಾಣಕ್ಕೆ ಜಾಮೀನಿಲ್ಲ.

ಫ್ಲ್ಯಾಟ್‌ಬೆಡ್ ದುಬಾರಿ ಎಂದು ಮಾಲೀಕರು ಗೊಣಗುತ್ತಾರೆ. ದುಬಾರಿಯೇ ಹೌದು. ಗೇರ್ ಬಾಕ್ಸು ಅದಕ್ಕಿಂತ ಎಷ್ಟು ಪಟ್ಟು ದುಬಾರಿಯೆಂಬುದು ಬಿಲ್ಲು ಬಂದ ದಿನ ಅವರಿಗೂ ತಿಳಿಯುತ್ತದೆ. ಆದರೆ ಆ ಬಿಲ್ಲನ್ನು ಅವರು ನಮ್ಮ ಕಡೆಗೆ ತಳ್ಳುತ್ತಾರೆ, ಆದ್ದರಿಂದಲೇ ಅಗ್ಗದ ಕ್ರೇನು ಅವರಿಗೆ ಅಗ್ಗವಾಗಿಯೇ ಉಳಿಯುತ್ತದೆ! ಕಾನೂನು ಏನೆನ್ನುತ್ತದೆ? ಪೊಲೀಸರು ಎತ್ತಿಸಿದ ಗಾಡಿಯ ಟೋಯಿಂಗ್ ಖರ್ಚು ಮಾಲೀಕನದೆಂದು 1988ರ ಮೋಟಾರು ವಾಹನ ಕಾಯ್ದೆಯ 127ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಇನ್ನು ಸಂಬಳದ ಮಾತು. ನಷ್ಟ ನೌಕರನ ಅಲಕ್ಷ್ಯದಿಂದಲೇ ನೇರವಾಗಿ ಆಗಿರಬೇಕು, ಹಿಡಿಯುವ ಮುನ್ನ ಅವನ ಸಮಜಾಯಿಷಿ ಕೇಳಬೇಕು ಎಂದು 1936ರ ವೇತನ ಪಾವತಿ ಕಾಯ್ದೆ ಹೇಳುತ್ತಿತ್ತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಟ್ರಾವೆಲ್ಸ್ ಕಂಪನಿಗಳಲ್ಲಿ ದುಡಿಯುವ ನಮ್ಮ ಎಷ್ಟು ಜನರ ಸಮಜಾಯಿಷಿಯನ್ನು ಯಾರು ಕೇಳಿದ್ದಾರೆ? ಕ್ರೇನನ್ನು ಕಳಿಸಿದವರು ಕಂಪನಿಯವರು, ಕೊಕ್ಕೆ ಹಾಕಿದವನು ಗುತ್ತಿಗೆದಾರನ ಆಳು. ಇಬ್ಬರ ನಡುವೆ ಬಿಸಿಲಲ್ಲಿ ನಿಂತಿದ್ದವನ ಅಲಕ್ಷ್ಯ ಯಾವುದು?

ನಮ್ಮ ಬೇಡಿಕೆ ಇಷ್ಟೆ. ಹಿಂದಿನ ಗಾಲಿಯ ಪ್ರತಿ ಗಾಡಿಯಲ್ಲಿ, ಅದನ್ನು ಹೇಗೆ ಎತ್ತಬೇಕೆಂಬ ಚೀಟಿಯನ್ನು ಕನ್ನಡ, ಮರಾಠಿ, ಹಿಂದಿಗಳಲ್ಲಿ ಮಾಲೀಕರೇ ಅಂಟಿಸಲಿ. ಚಾಲಕ ಬಂಧುಗಳೇ, ಗಾಡಿ ನಿಂತೊಡನೆ ಧಣಿಗೆ ಫೋನು ಮಾಡಿ ಫ್ಲ್ಯಾಟ್‌ಬೆಡ್ ಕೇಳಿರಿ, ಕೇಳಿದ್ದನ್ನು ಮೆಸೇಜಿನಲ್ಲಿಯೂ ಬರೆದು ಕಳಿಸಿರಿ. ಕ್ರೇನು ಬಂದರೆ ಯಾವ ಗಾಲಿ ನೆಲದ ಮೇಲಿದೆಯೆಂಬುದು ಕಾಣುವಂತೆ ಚಿತ್ರ ತೆಗೆಯಿರಿ, ಕ್ರೇನಿನ ನಂಬರು ಸಹಿತ. ಸಂಬಳದಲ್ಲಿ ಒಂದು ರೂಪಾಯಿ ಹಿಡಿದರೂ ಆ ಚಿತ್ರ, ಆ ಮೆಸೇಜು, ಪಗಾರದ ಚೀಟಿ ಮೂರನ್ನೂ ತೆಗೆದುಕೊಂಡು ಸಂಘದ ಕಛೇರಿಗೆ ಬನ್ನಿರಿ. ಅರ್ಜಿ ಬರೆಯುವ ಕೆಲಸ ನಮ್ಮದು.