ಕಣ್ಣಳತೆಯೂ ಕಾರಣವೂ

ರೇಖಾಗಣಿತದಿಂದ ಹೆಣ್ಣುಮಕ್ಕಳಿಗೆ ಆಗುವ ಪ್ರಯೋಜನವೇನೆಂದು ಪೋಷಕರಲ್ಲಿ ಕೆಲವರು ನಮ್ಮನ್ನು ಕೇಳುವುದುಂಟು. ಇದಕ್ಕೆ ತಕ್ಕ ಉತ್ತರವನ್ನು ನಾವು ಹತ್ತನೆಯ ಶತಮಾನದ ಬಾಗ್ದಾದು ಪಟ್ಟಣದಲ್ಲಿ ಕಂಡೆವು.

ಖುರಾಸಾನದ ಬೂಜ್‌ಜಾನ್ ಎಂಬಲ್ಲಿ ಕ್ರಿ. ಶ. 940ರಲ್ಲಿ ಜನಿಸಿದ ಅಬುಲ್ ವಫಾ ಎಂಬ ಗಣಿತಜ್ಞನು ಆ ಪಟ್ಟಣದಲ್ಲಿ ನೆಲಸಿ, ಕುಶಲಕರ್ಮಿಗಳಿಗೆ ಬೇಕಾದ ರೇಖಾಗಣಿತವನ್ನು ಕುರಿತು ಒಂದು ಗ್ರಂಥವನ್ನು ರಚಿಸಿದನು. ಕರ್ಮಿಗಳೂ ಗಣಿತಜ್ಞರೂ ಕೂಡಿದ್ದ ಸಭೆಯೊಂದರ ವೃತ್ತಾಂತವು ಅದರಲ್ಲಿದೆ. ಮೂರು ಸಮ ಚೌಕಗಳನ್ನು ಕತ್ತರಿಸಿ ಒಂದೇ ಚೌಕವಾಗಿ ಜೋಡಿಸುವುದು ಹೇಗೆಂಬುದು ಅಲ್ಲಿಯ ಪ್ರಶ್ನೆ. ಗಣಿತಜ್ಞರು ಹೊಸ ಚೌಕದ ಬಾಹುವನ್ನು ಗೆರೆಯಿಂದ ತೋರಿಸಿದರು. ಕತ್ತರಿಸುವ ಬಗೆಯನ್ನು ತೋರಿಸಲಿಲ್ಲ. ಕರ್ಮಿಗಳು ಕತ್ತರಿಸಿಯೇ ಜೋಡಿಸುತ್ತಿದ್ದರು. ಆದರೆ ಅವರ ಕೆಲವು ಕ್ರಮಗಳು ಕಣ್ಣಿಗೆ ಸರಿಯೆಂದು ಕಂಡರೂ ತಪ್ಪಾಗಿದ್ದವು. ಅಬುಲ್ ವಫಾನು ಎರಡು ಚೌಕಗಳನ್ನು ಕರ್ಣಗಳ ಮೇಲೆ ಸೀಳಿ, ಆ ನಾಲ್ಕು ತ್ರಿಕೋಣಗಳನ್ನು ಮೂರನೆಯದರ ನಾಲ್ಕು ಬಾಹುಗಳಿಗೆ ಒತ್ತಿಟ್ಟು, ಅವುಗಳ ಲಂಬಕೋಣದ ತುದಿಗಳನ್ನು ಸೇರಿಸಿ, ಹೊರಚಾಚಿದ ತುಂಡುಗಳಿಂದ ಸಂದುಗಳನ್ನು ತುಂಬುವುದನ್ನು ಕಲಿಸಿದನು; ಅದು ಸರಿಯೆಂಬುದಕ್ಕೆ ಕಾರಣವನ್ನೂ ಹೇಳಿದನು.

ಚೌಕಗಳು 10 ಅಂಗುಲದವಾದರೆ ಹೊಸದರ ಬಾಹುವು ಸುಮಾರು 17.32 ಅಂಗುಲ. ಕಣ್ಣಳತೆಯಿಂದ ಹದಿನೇಳೂವರೆ ಎಂದೆಣಿಸಿ ಹೊಲಿಯಹೊರಟವಳಿಗೆ ಬಟ್ಟೆ ಸಾಲದು.

ನಾವೂ ಬಹುಕಾಲ ಪ್ರಮೇಯಗಳನ್ನು ಬಾಯಿಪಾಠ ಮಾಡಿಸಿ, ಕತ್ತರಿಯನ್ನು ಹೊಲಿಗೆಯ ತರಗತಿಗೇ ಬಿಟ್ಟೆವು. ಅದು ನಮ್ಮ ತಪ್ಪು. ಕೈಗೆಲಸವನ್ನು ಹೆಣ್ಣಿಗೂ ಕಾರಣ ಕೇಳುವುದನ್ನು ಗಂಡಿಗೂ ಹಂಚಿಕೊಟ್ಟವರಾರು? ನಮ್ಮ ಹುಡುಗಿಯರು ಕತ್ತರಿಸಲೂ ಬಲ್ಲವರಾಗಲಿ. 'ಇದು ಸರಿಯೆಂದು ತಿಳಿದದ್ದು ಹೇಗೆ?' ಎಂದು ಕೇಳಲೂ ಬಲ್ಲವರಾಗಲಿ. ಮನೆಯಲ್ಲಿ ಆ ಪ್ರಶ್ನೆ ಎದ್ದಾಗ ಅದನ್ನು ಉದ್ಧಟತನವೆಂದು ಎಣಿಸಬಾರದೆಂದು ಪೋಷಕರನ್ನು ಬೇಡುತ್ತೇವೆ.