ಪೆಲೆಲಿಯೂ ದ್ವೀಪಕ್ಕೆ ತೆತ್ತ ಬೆಲೆ

ಜಯವು ದೊರೆತ ಮೇಲೆ ಅದಕ್ಕೆ ತೆತ್ತ ಬೆಲೆಯನ್ನು ವಿಚಾರಿಸುವವರು ವಿರಳ. ಪಲಾವು ದ್ವೀಪಸ್ತೋಮದ ಪೆಲೆಲಿಯೂವಿನ ವಿಷಯದಲ್ಲಿಯಾದರೂ ವಿಚಾರಿಸಲೇಬೇಕು.

೧೯೪೪ನೆಯ ಸೆಪ್ಟೆಂಬರ ೧೫ರಂದು ಅಮೇರಿಕದ ಮರೀನರ ಪ್ರಥಮ ಡಿವಿಜನ್ನು ಅಲ್ಲಿಳಿಯಿತು. ಕೆಲವೇ ದಿನಗಳಲ್ಲಿ ಕಾರ್ಯವು ಮುಗಿಯುವುದೆಂದು ಸೇನಾಪತಿ ರೂಪರ್ಟಸರು ನುಡಿದಿದ್ದರು. ಮುಗಿದುದು ನವೆಂಬರ ೨೭ಕ್ಕೆ! ಜಪಾನೀ ಕರ್ನಲ್ ನಾಕಾಗಾವಾ ತನ್ನ ದಂಡನ್ನು ಸಮುದ್ರತೀರದಲ್ಲಿಯೇ ಬಲಿಗೊಡದೆ, ಹವಳಗಲ್ಲಿನ ಗುಡ್ಡಗಳ ಗವಿಗಳಲ್ಲಿ ಅಡಗಿಸಿ ಕಾದನು. ಬಿಸಿಲಿನ ತಾಪವು ಫ್ಯಾರನ್‌ಹೀಟಿನ ೧೧೦ ಡಿಗ್ರಿಯನ್ನು ಮೀರಿತ್ತು. ಮರೀನರಿಗೆ ಕುಡಿಯಲು ಬಂದ ನೀರೋ, ಸರಿಯಾಗಿ ತೊಳೆಯದ ಎಣ್ಣೆಯ ಪೀಪಾಯಿಗಳಲ್ಲಿ ತುಂಬಿದುದು. ಪುಲ್ಲರರ ರೆಜಿಮೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಸತ್ತು ಇಲ್ಲವೆ ಗಾಯಗೊಂಡು ಬಿದ್ದರು.

ಫಿಲಿಪೀನ್ಸ್ ದಂಡಯಾತ್ರೆಗೆ ಪಾರ್ಶ್ವರಕ್ಷಣೆಯು ಬೇಕಾಗಿದ್ದಿತೆಂಬುದು ಇದಕ್ಕೆ ಕೊಡುವ ಸಮಾಧಾನ. ಆದರೆ ಮೆಕಾರ್ಥರರು ಅಕ್ಟೋಬರ ೨೦ರಂದು ಲೇಟೆಯಲ್ಲಿ ಇಳಿದಾಗ ಪೆಲೆಲಿಯೂವಿನ ಗುಡ್ಡಗಳಲ್ಲಿ ಇನ್ನೂ ಕಾಳಗವೇ ನಡೆದಿತ್ತು. ವಿಮಾನನಿಲ್ದಾಣವು ಮೊದಲ ದಿನಗಳಲ್ಲಿಯೇ ಕೈವಶವಾಗಿತ್ತಲ್ಲ, ಮತ್ತೆ ಗವಿಗವಿಗೂ ನುಗ್ಗಿದುದೇಕೆ? ಅಡ್ಮಿರಲ್ ಹಾಲ್ಸಿಯವರಂತೂ ದಾಳಿಗೆ ಮುಂಚೆಯೇ ಇದನ್ನು ಕೈಬಿಡಬಹುದೆಂದು ಸೂಚಿಸಿದ್ದರು. ಹಡಗುಗಳು ಹೊರಟಾಗಿದ್ದವು, ನಿಮಿಟ್ಸರು ಒಪ್ಪಲಿಲ್ಲ. ಹೊರಟ ದಂಡನ್ನು ತಿರುಗಿಸುವುದು ಕಷ್ಟವೇ ಸರಿ, ಅಸಾಧ್ಯವಲ್ಲ. ಆ ಮಹನೀಯರ ಕೀರ್ತಿಗೆ ಕುಂದು ತರುವುದು ನಮ್ಮ ಇಂಗಿತವಲ್ಲವಾದರೂ ಈ ತೀರ್ಮಾನವನ್ನು ನಾವು ಸಮರ್ಥಿಸಲಾರೆವು.

ಹತ್ತು ಸಾವಿರಕ್ಕೂ ಮಿಕ್ಕಿದ ಜಪಾನೀಯರಲ್ಲಿ ಬಹುತೇಕ ಎಲ್ಲರೂ ಅಳಿದರು. ಯುದ್ಧವು ಮುಗಿದುದನ್ನು ನಂಬದೆ ಗವಿಗಳಲ್ಲಿ ಉಳಿದಿದ್ದ ೩೪ ಮಂದಿಯನ್ನು ೧೯೪೭ರ ಏಪ್ರಿಲಿನಲ್ಲಿ ಅವರದೇ ದೇಶದ ಅಡ್ಮಿರಲರೊಬ್ಬರನ್ನು ಕರೆತಂದು ಒಡಂಬಡಿಸಬೇಕಾಯಿತು.